ನನ್ನ ಹೃದಯದ ನಡುಗಂಟಿಗೆ, ಹಾಸಿಗೆ ಅಂಗಡಿಯಿಂದ

ನನ್ನ ಹೃದಯದ ಮೇಲಿನ ಕೋಣೆಗಳಿಗೂ ಕೆಳಗಿನ ಕೋಣೆಗಳಿಗೂ ನಡುವಿನ ಗಂಟಿನಲ್ಲಿ ಐವತ್ತೆರಡು ವರ್ಷಗಳಿಂದ ಒಮ್ಮೆಯೂ ಮುಖ ತೋರಿಸದೆ ಸೇವೆ ಸಲ್ಲಿಸುತ್ತಿರುವ ಸಂಕೇತ ರವಾನೆ ಅಧಿಕಾರಿಗಳಾದ ಮಾನ್ಯರೇ,

ತಮಗೆ ಅನಂತ ನಮಸ್ಕಾರಗಳು. ತಾವು ಎದೆಯಿಂದ ಹೊರಬಂದು ಇದನ್ನು ಖುದ್ದಾಗಿ ಓದುವ ಸಂದರ್ಭ ಎಂದಿಗೂ ಬಾರದಿರಲಿ ಎಂಬ ಪ್ರಾರ್ಥನೆಯೊಂದಿಗೆ ಈ ಅಹವಾಲನ್ನು ಬಹಿರಂಗವಾಗಿ ಸಲ್ಲಿಸುತ್ತಿದ್ದೇನೆ.

ನಾನು ಹಾಸಿಗೆ ಅಂಗಡಿಯೊಂದರ ಮಾರಾಟಗಾರ. ಕಳೆದ ತಿಂಗಳು ಒಂದು ಸೋಮವಾರ ಬೆಳಿಗ್ಗೆ, ವಯಸ್ಸಾದ ದಂಪತಿಗೆ ಸ್ಪ್ರಿಂಗ್ ಹಾಸಿಗೆಯ ಗುಣಗಾನ ಮಾಡುತ್ತ “ಬೆನ್ನು ತಾಗಿಸಿದರೆ ಸಾಕು” ಎನ್ನುವಷ್ಟರಲ್ಲಿ ತಾವು ಕೆಲಸ ನಿಲ್ಲಿಸಿದಿರಿ. ನಾನು ಆ ಹಾಸಿಗೆಯ ಮೇಲೆಯೇ ದೊಪ್ಪನೆ ಬಿದ್ದು ಕಣ್ಣು ಮುಚ್ಚಿದೆ. “ನೋಡ್ರೀ, ಮಾತಾಡ್ತಾ ಮಾತಾಡ್ತಾನೇ ನಿದ್ದೆ ಹೋದ್ರು!” ಎಂದು ಹೆಂಗಸು ಬೆರಗಾಗಿ, ನಾನು ಏಳುವಷ್ಟರಲ್ಲಿ ಎರಡು ಹಾಸಿಗೆ ಕಟ್ಟಿಸಿಕೊಂಡಿದ್ದರು. ನಮ್ಮ ಯಜಮಾನರು ನನ್ನ ಬೆನ್ನು ತಟ್ಟಿ, “ದಿನಾ ಹೀಗೇ ಮಾಡಪ್ಪಾ, ಸ್ವಲ್ಪ ಗೊರಕೆನೂ ಸೇರಿಸು” ಎಂದರು. ಮಾಡಿದ್ದು ನಾನಲ್ಲ ಎಂದು ಹೇಳಲು ಮನಸ್ಸು ಬರಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಬುಧವಾರವೂ ಗುರುವಾರವೂ ತಾವು ಯಜಮಾನರ ಮಾತನ್ನು ಶಿರಸಾವಹಿಸಿ ನಡೆಸಿಕೊಟ್ಟಿರಿ. ಶುಕ್ರವಾರ ನನ್ನನ್ನು ಬೀದಿಗೆ ಕಾಣುವ ಗಾಜಿನ ಪಕ್ಕಕ್ಕೆ ವರ್ಗಾಯಿಸಲಾಯಿತು.

ಅಲ್ಲಿ ನಾನು ಬಿದ್ದಾಗ ಹೊರಗೆ ಜನ ಚಪ್ಪಾಳೆ ತಟ್ಟುತ್ತಿದ್ದರಂತೆ. ಹಿಂದಿನ ಕೋಣೆಯಲ್ಲಿ ದಿಂಬಿನ ಚೀಲ ಹೊಲಿಯುವ ನನ್ನ ಅಕ್ಕ ಸದ್ದು ಕೇಳಿ ಬಂದು, ದಿಂಬಿಗಿಂತ ಬೆಳ್ಳಗಾಗಿದ್ದ ನನ್ನ ಮುಖ ನೋಡಿ, ಮಣಿಕಟ್ಟು ಹಿಡಿದು, “ಇವ್ನು ನಿದ್ದೆ ಮಾಡ್ತಿಲ್ಲ, ನಾಡಿನೇ ಸಿಗ್ತಿಲ್ಲ!” ಎಂದು ಚೀರಿದಳಂತೆ. “ಗಿರಾಕಿ ನೋಡ್ತಿದ್ದಾರೆ, ಐದು ನಿಮಿಷ ಇರ್ಲಮ್ಮಾ” ಎಂದ ಯಜಮಾನರ ಕಡೆಗೆ ಅವಳು ಕತ್ತರಿ ಹಿಡಿದು ತಿರುಗಿದ ಮೇಲೆ, ನನ್ನನ್ನು ಆಸ್ಪತ್ರೆಗೆ ಸಾಗಿಸಲು ಹಾಸಿಗೆಯ ಇನ್ನೊಂದು ತುದಿಯನ್ನು ಎತ್ತಿದವರು ಅವರೇ.

ಆಸ್ಪತ್ರೆಯ ವೈದ್ಯೆ ಕಾಗದದ ಮೇಲಿನ ಗೆರೆಗಳನ್ನು ಬಿಡಿಸಿ ಹೇಳಿದಾಗಲೇ ತಮ್ಮ ಇರವು ನನಗೆ ತಿಳಿದದ್ದು. ಮೇಲಿನ ಬಲಗೋಣೆಯಲ್ಲಿರುವ ತಮ್ಮ ಮೇಲಧಿಕಾರಿಗಳು ನಿಮಿಷಕ್ಕೆ ಎಪ್ಪತ್ತು ಬಾರಿ ವಿದ್ಯುತ್ ಸಂಕೇತ ಹೊರಡಿಸುವರಂತೆ. ಒತ್ತೊತ್ತಾಗಿ ನಿಂತ ಸ್ನಾಯುಕೋಶಗಳು ಅದನ್ನು ಪಕ್ಕದವರಿಗೆ ದಾಟಿಸುತ್ತ ಕುಗ್ಗುತ್ತವಂತೆ. ನಡುಗಂಟಿನಲ್ಲಿರುವ ತಾವು ಮಾತ್ರ ಅದನ್ನು ರೆಪ್ಪೆ ಬಡಿಯುವಷ್ಟು ಹೊತ್ತು ತಡೆದು, ಮೇಲಿನ ರಕ್ತ ಕೆಳಗಿಳಿದ ಮೇಲೆ ಮುಂದಕ್ಕೆ ಬಿಡುವಿರಂತೆ. ಆಹಾ, ತಡಮಾಡುವುದೇ ಕರ್ತವ್ಯವಾಗಿರುವ ಕಚೇರಿ! ಅಂಥ ಕಚೇರಿಯಲ್ಲಿಯೂ ಇನ್ನಷ್ಟು ತಡಮಾಡಲು ದಾರಿ ಕಂಡುಕೊಂಡ ತಮ್ಮ ಪ್ರತಿಭೆಗೆ ನಾನು ತಲೆಬಾಗುತ್ತೇನೆ, ಅದೂ ಗೋಡೆ ಹಿಡಿದುಕೊಂಡು. “ಮೇಲಿನವರು ಕೂಗ್ತಾನೇ ಇದ್ದಾರೆ, ಕೆಳಗಿನವರಿಗೆ ಕೇಳಿಸ್ತಿಲ್ಲ” ಎಂದರು ವೈದ್ಯೆ. ಅಪ್ಪಣೆಗಾಗಿ ಕಾದು ಬೇಸತ್ತು, ಸ್ವಂತವಾಗಿಯೇ ನಿಮಿಷಕ್ಕೆ ಮೂವತ್ತು ಬಾರಿ ಬಡಿಯಲು ಶುರುಮಾಡಿದ ಕೆಳಗಿನ ಬಡಪಾಯಿ ಕೋಶಗಳಿಂದಲೇ ನಾನು ಪ್ರತಿ ಸಲ ಎದ್ದದ್ದಂತೆ. ಆ ಸಣ್ಣ ನೌಕರರಿಗೆ ತಾವು ದಯವಿಟ್ಟು ಬಡ್ತಿ ಕೊಡಿಸಬೇಕು.

ಕೊರಳ ಮೂಳೆಯ ಕೆಳಗೆ ಪೇಸ್‌ಮೇಕರ್ ಎಂಬ ಪುಟ್ಟ ಪೆಟ್ಟಿಗೆಯನ್ನು ಕೂರಿಸಲು ನನ್ನನ್ನು ಒಳಗೆ ಕರೆದೊಯ್ಯುವಾಗ, ಹುಟ್ಟಿದಾಗಿನಿಂದ ದನಿ ತಗ್ಗಿಸದ ಅಕ್ಕ ಮೆಲ್ಲಗೆ, “ಸುಮ್ನೆ ಎದ್ದು ಬಾ, ನಿನ್ ಅಂಗಿಗೆ ಗುಂಡಿ ಹಾಕೋದಿದೆ” ಎಂದಳು. ನನಗೆ ನಿಜವಾಗಿ ಭಯವಾದದ್ದು ಆಗ.

ಎದ್ದು ಬಂದೆ. ಈಗ ತಾವು ದಾಟಿಸದ ಸಂಕೇತವನ್ನು ಪೆಟ್ಟಿಗೆ ದಾಟಿಸುತ್ತದೆ. ಯಜಮಾನರು ಹಣ್ಣು ಹಿಡಿದುಕೊಂಡು ಬಂದು, ಆ ಪೆಟ್ಟಿಗೆಯನ್ನು ವ್ಯಾಪಾರದ ಹೊತ್ತಿನಲ್ಲಿ ಆರಿಸಿಡಬಹುದೇ ಎಂದು ವೈದ್ಯೆಯನ್ನು ವಿಚಾರಿಸಿ ಹೋದರು. ನಾನು ನಿಂತೇ ಮಾರುತ್ತೇನೆಂದು ಅವರಿಗೆ ಮೊದಲ ಬಾರಿ ಎದುರು ಹೇಳಿದೆ. ತಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ: ಮುಂದೆ ರಜೆ ಬೇಕಾದಲ್ಲಿ ಹದಿನೈದು ದಿನ ಮುಂಚಿತವಾಗಿ ಅರ್ಜಿ ಕೊಡಿ, ಮತ್ತು ನಾನು ಮೆಟ್ಟಿಲ ಮೇಲಿದ್ದಾಗ ಆ ಅರ್ಜಿಯನ್ನು ತಾವೇ ತಿರಸ್ಕರಿಸಿ.

ತಮ್ಮನ್ನು ಬಿಟ್ಟು ಬೇರೆಡೆ ದೂರು ಕೊಡಲು ದಾರಿಯಿಲ್ಲದ,
ತಮ್ಮ ವಿಶ್ವಾಸಿ,
ಲಂಬವಾಗಿರುವ ಮಾರಾಟಗಾರ

ವಿ.ಸೂ.: ಪೆಟ್ಟಿಗೆ ತಮ್ಮ ಹಾಜರಿಯನ್ನೂ ಬರೆದಿಡುತ್ತದೆಂದು ನಿನ್ನೆ ತಪಾಸಣೆಯಲ್ಲಿ ತಿಳಿಯಿತು. ಈ ವಾರ ತಾವು ಸರಿಯಾಗಿ ಕೆಲಸ ಮಾಡಿದ ಹೊತ್ತುಗಳನ್ನು ಹೊಂದಿಸಿ ನೋಡಿದರೆ, ಅವೆಲ್ಲವೂ ಅಕ್ಕ ನನ್ನನ್ನು ಬೈಯುತ್ತಿದ್ದ ಹೊತ್ತುಗಳು. ಇನ್ನು ಮುಂದಿನ ಪತ್ರವ್ಯವಹಾರವನ್ನು ಅವಳಿಗೇ ವಹಿಸಿದ್ದೇನೆ.