ಕಚೇರಿ ವೇಳೆಯ ಹೊರಗೆ ಬೀಳುವ ಚಳಿ ಮತ್ತು ಅಂಗಳದ ತಾಳೆಗಳ ಕುರಿತು

ಅಂಗಳ ಹಾಗೂ ಅಲಂಕಾರ ಇಲಾಖೆ
ಸಂಖ್ಯೆ: ಅಂ.ಅ.ಇ / ತಾಳೆ / ಚಳಿ / ೧೭ (ಪರಿಷ್ಕೃತ, ಪುನಃ ಪರಿಷ್ಕೃತ)

ಸುತ್ತೋಲೆ

ವಿಷಯ: ಸಿಬ್ಬಂದಿ ವಸತಿಗೃಹಗಳ ಅಂಗಳದಲ್ಲಿ ನೆಡಲಾದ ಉಷ್ಣವಲಯದ ತಾಳೆಗಳ ಚಳಿ ತಡೆಯುವ ಶಕ್ತಿಯ ತುಲನೆ, ತಡೆಯದ ತಾಳೆಗಳ ಬಗ್ಗೆ ನಿವಾಸಿಗಳ ಹೊಣೆ.

ಉಲ್ಲೇಖ: ೧. ಇದೇ ವಿಷಯದ ಹಿಂದಿನ ಸುತ್ತೋಲೆ (ಕಡತ ಸಿಕ್ಕಿಲ್ಲ).
೨. ನಿರ್ದೇಶಕರು ಮೆಟ್ಟಿಲಿಳಿಯುತ್ತಾ ನೀಡಿದ ಮೌಖಿಕ ಆದೇಶ.
೩. ಆರನೇ ಮನೆಯ ನಿವಾಸಿ, ಟೆಲಿಫೋನ್ ಆಪರೇಟರ್ ರವರ ಅರ್ಜಿ.

ವಸತಿಗೃಹಗಳ ಸಾಲಿಗೆ ಸಮುದ್ರತೀರದ ಕಳೆ ಬರಲಿ ಎಂಬ ಸದುದ್ದೇಶದಿಂದ ಪ್ರತಿ ಅಂಗಳದಲ್ಲೂ ಒಂದೊಂದು ತಾಳೆ ನೆಡಿಸಲಾಗಿತ್ತು. ಈ ಊರು ಗುಡ್ಡದ ನೆತ್ತಿಯ ಮೇಲಿದ್ದು, ಚಳಿಗಾಲದಲ್ಲಿ ನಲ್ಲಿಯೊಳಗಿನ ನೀರೂ ಹೆಪ್ಪುಗಟ್ಟುತ್ತದೆ ಎಂಬುದನ್ನು ಆಗ ಯಾರೂ ಲಿಖಿತವಾಗಿ ಇಲಾಖೆಯ ಗಮನಕ್ಕೆ ತಂದಿರುವುದಿಲ್ಲ. ಈಗ ತಾಳೆಗಳು ಕಂದುಬಣ್ಣಕ್ಕೆ ತಿರುಗಿದ್ದು, ಇದಕ್ಕೆ ಚಳಿಯೇ ಕಾರಣವೆಂದು ನಿವಾಸಿಗಳು ಆಡಿಕೊಳ್ಳುತ್ತಿರುವುದು ಕಂಡುಬಂದಿದೆ. ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ.

೧. ತಾಳೆಗಳ ಚಳಿ ಸಹಿಷ್ಣುತೆಯನ್ನು ತೂಗಿ ನೋಡಲು ತಜ್ಞರ ಸಮಿತಿಯೊಂದನ್ನು ರಚಿಸಲಾಗಿತ್ತು. ಸಮಿತಿಯು ನಾಲ್ಕು ಜಾತಿಯ ತಾಳೆಗಳನ್ನು ಕುಂಡಗಳಲ್ಲಿ ತರಿಸಿ, ಸಭಾಂಗಣದ ಮೇಜಿನ ಮೇಲಿರಿಸಿ, ಕಚೇರಿ ವೇಳೆಯಲ್ಲಿ ಕೂಲಂಕಷವಾಗಿ ಪರಿಶೀಲಿಸಿತು. ಸದಸ್ಯರಿಗೆ ಶೀತವಾಗುವ ಸಂಭವವಿದ್ದುದರಿಂದ ಕಿಟಕಿಗಳನ್ನು ಮುಚ್ಚಿ ಹೀಟರ್ ಹಚ್ಚಲಾಗಿತ್ತು. ಪರಿಶೀಲನೆಯ ಅವಧಿಯಲ್ಲಿ ಯಾವ ತಾಳೆಗೂ ಚಳಿಯಾದ ಲಕ್ಷಣ ಕಾಣಲಿಲ್ಲ. ಸದಸ್ಯರೊಬ್ಬರು ಕೋಟು ಬಿಚ್ಚಿದ್ದನ್ನು ಬಿಟ್ಟರೆ ಬೇರೆ ವಿಶೇಷ ಘಟನೆಗಳಿಲ್ಲ.

೨. ಸಮಿತಿಯು ನೀಡಿದ ಶ್ರೇಯಾಂಕ ಹೀಗಿದೆ. ನಿರ್ದೇಶಕರ ಗೇಟಿನ ಬಳಿ ಇರುವುದೂ ಅದೇ ಜಾತಿಯ ಮರವಾದ ಕಾರಣ ರಾಯಲ್ ಪಾಮ್ ಪ್ರಥಮ. ಹೊಟ್ಟೆ ದಪ್ಪಗಿದ್ದು, ನೋಡಿದರೆ ಗಟ್ಟಿ ಜೀವವೆಂದು ಅನ್ನಿಸುವುದರಿಂದ ಬಾಟಲ್ ಪಾಮ್ ದ್ವಿತೀಯ. ಎಲ್ಲರಿಗೂ ಗೊತ್ತಿರುವ ಮರವಾದ್ದರಿಂದ ತೆಂಗು ತೃತೀಯ. ಬೀಸಣಿಗೆ ತಾಳೆಯು ಮೇಜಿನ ಮೇಲೆ ಹಿಡಿಸದೆ ಬಾಗಿಲಿಗೆ ಅಡ್ಡವಾಗಿದ್ದರಿಂದ ಅದನ್ನು ಹೊರಗಿಡಲಾಗಿದ್ದು, ಅದಿನ್ನೂ ಹಸಿರಾಗಿಯೇ ಇರುವುದು ಏಕೆಂದು ತಿಳಿದುಬಂದಿಲ್ಲ. ಸಭೆಗೆ ಹಾಜರಾಗದ ಕಾರಣ ಅದಕ್ಕೆ ಕೊನೆಯ ಸ್ಥಾನ.

೩. ಈ ಸುತ್ತೋಲೆಯ ಮಟ್ಟಿಗೆ “ಚಳಿ” ಎಂದರೆ ಕಚೇರಿ ವೇಳೆಯಲ್ಲಿ, ಅಧಿಕಾರಿಯೊಬ್ಬರ ಸಮಕ್ಷಮದಲ್ಲಿ ಬೀಳುವ ಚಳಿ ಎಂದೇ ಅರ್ಥ. ಬೆಳಗಿನ ಜಾವ ಬೀಳುವ ಚಳಿಗೆ ಸಾಕ್ಷಿಗಳಿಲ್ಲದಿರುವುದರಿಂದ ಅದನ್ನು ಪರಿಗಣಿಸಲು ಬರುವುದಿಲ್ಲ. ರಜಾ ದಿನಗಳ ಚಳಿಯ ಬಗ್ಗೆ ಆರ್ಥಿಕ ಇಲಾಖೆಯ ಅಭಿಪ್ರಾಯ ಕೇಳಲಾಗಿದೆ.

೪. ತಾಳೆ “ಸತ್ತಿದೆ” ಎಂಬ ಪದವನ್ನು ನಿವಾಸಿಗಳು ಬಳಸತಕ್ಕದ್ದಲ್ಲ. “ವಿಶ್ರಾಂತಿಯಲ್ಲಿದೆ” ಎನ್ನಬಹುದು. ಬುಡಸಮೇತ ಉರುಳಿದಲ್ಲಿ ಮಾತ್ರ “ದೀರ್ಘ ವಿಶ್ರಾಂತಿಯಲ್ಲಿದೆ” ಎನ್ನಲು ಅವಕಾಶವಿದೆ. ಎಲೆಗಳಿಗೆ ಹಸಿರು ಬಣ್ಣ ಬಳಿಯುವುದನ್ನು ನಿಷೇಧಿಸಲಾಗಿದೆ. ಬಣ್ಣ ಬಳಿಯುವ ಅಧಿಕಾರ ಇಲಾಖೆಗೆ ಮಾತ್ರ ಇರುತ್ತದೆ.

೫. ತಾಳೆಗಳಿಗೆ ಗೋಣಿಚೀಲ, ರಗ್ಗು, ಹಳೆಯ ಸೀರೆ ಇತ್ಯಾದಿ ಹೊದಿಸತಕ್ಕದ್ದಲ್ಲ. ಹಾಗೆ ಮಾಡುವುದು ಸಮಿತಿಯ ಶ್ರೇಯಾಂಕದಲ್ಲಿ ಅಪನಂಬಿಕೆ ತೋರಿದಂತಾಗುತ್ತದೆ.

೬. ಹೊದಿಸದೆ ಬಿಟ್ಟ ತಾಳೆ ವಿಶ್ರಾಂತಿಗೆ ಹೋದಲ್ಲಿ, ಅದನ್ನು ನಿವಾಸಿಯ ಅಲಕ್ಷ್ಯವೆಂದು ಪರಿಗಣಿಸಿ ಮನೆಯ ಹಂಚಿಕೆಯನ್ನು ರದ್ದುಪಡಿಸಲಾಗುವುದು. ಕಂಡಿಕೆ ೫ ಮತ್ತು ೬ ಪರಸ್ಪರ ವಿರುದ್ಧವಾಗಿವೆ ಎಂದು ಕೆಲವರು ಅರ್ಜಿ ಕೊಟ್ಟಿದ್ದಾರೆ. ಎರಡೂ ಬೇರೆ ಬೇರೆ ಸಂಖ್ಯೆಯ ಕಂಡಿಕೆಗಳಾಗಿರುವುದರಿಂದ ಈ ಆಕ್ಷೇಪಣೆಯಲ್ಲಿ ಹುರುಳಿಲ್ಲ.

೭. ಆರನೇ ಮನೆಯ ಪ್ರಕರಣ: ಸದರಿ ಮನೆಯಲ್ಲಿ ಟೆಲಿಫೋನ್ ಆಪರೇಟರ್ ರವರು, ಮೆಟ್ಟಿಲು ಹತ್ತಲಾಗದ ತಮ್ಮ ಅತ್ತೆಯೊಂದಿಗೆ ವಾಸವಿದ್ದಾರೆ. ಅಂಗಳದ ಬಾಟಲ್ ಪಾಮ್ ವಿಶ್ರಾಂತಿಗೆ ಹೋಗಿರುವ ಬಗ್ಗೆ ವಸತಿ ಮೇಲ್ವಿಚಾರಕರು ಸ್ಥಳ ತನಿಖೆ ನಡೆಸಿದ್ದು, ಆ ಸಂದರ್ಭದ ಹೇಳಿಕೆಗಳನ್ನು ಯಥಾವತ್ತಾಗಿ ದಾಖಲಿಸಲಾಗಿದೆ.

ಅ) ನಿವಾಸಿ: “ಹೊದಿಸಿದ್ರೆ ತಪ್ಪು ಅಂತೀರಿ, ಹೊದಿಸದೆ ಇದ್ರೂ ತಪ್ಪು ಅಂತೀರಿ. ನಮ್ಮನ್ನ ಖಾಲಿ ಮಾಡಿಸ್ಬೇಕು ಅಂತಿದ್ರೆ ನೇರವಾಗಿ ಹೇಳಿ ಸಾರ್, ಪಾಪದ ಮರದ ತಲೆಗೆ ಯಾಕೆ ಕಟ್ತೀರಿ? ಕೆಳಗಿನ ಮನೆ ಅಂತ ನಮಗೆ ಸಿಕ್ಕಿರೋದು ಇದೊಂದೇ. ಅತ್ತೆನ ನಾನು ಬೆನ್ನ ಮೇಲೆ ಹೊತ್ಕೊಂಡು ಮೂರನೇ ಮಹಡಿ ಹತ್ತಲಾ?” ಬೆನ್ನಿನ ವಿಷಯ ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.

ಆ) ಅತ್ತೆ (ಮಂಚದಿಂದಲೇ): “ಒಳಗೆ ಮಲಗಿರೋ ನನಗೇ ಎರಡು ರಗ್ಗು ಸಾಲ್ದು ಕಣಪ್ಪ. ಅದು ಬರೀ ಮೈಲಿ ನಿಂತಿತ್ತು. ಇನ್ನೇನು ನಿಮ್ಮ ಸುತ್ತೋಲೆ ಹೊದ್ಕೋಬೇಕಿತ್ತಾ?” ಸುತ್ತೋಲೆಯನ್ನು ಹೊದಿಕೆಯಾಗಿ ಬಳಸುವುದನ್ನೂ ಕಂಡಿಕೆ ೫ರಡಿ ನಿಷೇಧಿಸಲಾಗಿದೆ.

ಇ) ಮೇಲ್ವಿಚಾರಕರು: “ನನಗೆ ಗೊತ್ತಿಲ್ವಾ ಅಕ್ಕಾ? ನಮ್ಮನೆದೂ ಹೋಗಿ ಎಷ್ಟು ದಿನ ಆಯ್ತೋ. ಯಾರಾದ್ರೂ ನೋಡ್ತಾರೆ ಅಂತ ದಿನಾ ನೀರು ಹಾಕ್ತಿದೀನಿ ಅಷ್ಟೇ.” ಪ್ರಾಮಾಣಿಕತೆಗಾಗಿ ಮೇಲ್ವಿಚಾರಕರನ್ನು ಶ್ಲಾಘಿಸಿ, ಅವರ ಮನೆಯನ್ನೂ ರದ್ದತಿ ಪಟ್ಟಿಗೆ ಸೇರಿಸಲಾಗಿದೆ.

೮. ಹೇಳಿಕೆಗಳನ್ನು ಸಹಾನುಭೂತಿಯಿಂದ ಓದಲಾಯಿತು. ಬಾಟಲ್ ಪಾಮ್ ಶ್ರೇಯಾಂಕದಲ್ಲಿ ದ್ವಿತೀಯ ಸ್ಥಾನ ಪಡೆದಿರುವುದರಿಂದ ಅದು ಚಳಿಗೆ ಸಾಯಲು ಸಾಧ್ಯವೇ ಇಲ್ಲ. ಹೀಗಾಗಿ ಅದು ನಿವಾಸಿಗಳ ಮೇಲಿನ ಬೇಸರದಿಂದ ಒಣಗಿದೆ ಎಂದು ತೀರ್ಮಾನಿಸಿ, ಆರನೇ ಮನೆಯ ಹಂಚಿಕೆಯನ್ನು ಈ ಮೂಲಕ ರದ್ದುಪಡಿಸಲಾಗಿದೆ. ನಿವಾಸಿಗಳಿಗೆ ಮೂರನೇ ಮಹಡಿಯಲ್ಲಿ ಬದಲಿ ಮನೆ ನೀಡಲಾಗಿದೆ. ಅಲ್ಲಿ ಅಂಗಳವಿಲ್ಲದ ಕಾರಣ ಅವರಿಂದ ಇನ್ನು ಯಾವ ತಾಳೆಗೂ ತೊಂದರೆಯಾಗದು.

೯. ಕಳೆದ ರಜಾ ದಿನದಂದು ಸಭಾಂಗಣದ ಹೀಟರ್ ಆರಿಸಲಾಗಿದ್ದು, ಸಮಿತಿಯ ಬಾಟಲ್ ಪಾಮ್ ಹಾಗೂ ತೆಂಗು ವಿಶ್ರಾಂತಿಗೆ ತೆರಳಿವೆ. ಪ್ರಥಮ ಶ್ರೇಯಾಂಕದ ರಾಯಲ್ ಪಾಮ್ ಸಹ ತಲೆ ಬಾಗಿಸಿದೆ. ಅತಿ ಹೆಚ್ಚು ಚಳಿ ತಡೆಯುವ ತಾಳೆ ಇದೇ ಆಗಿರುವುದರಿಂದ ಇದನ್ನು ಚಳಿಯಿಂದ ಕಾಪಾಡುವುದು ಅತ್ಯಗತ್ಯ. ಅದರಂತೆ ತೆರವಾಗುವ ಆರನೇ ಮನೆಯ ಒಳಕೋಣೆಯನ್ನು, ಅತ್ತೆಯವರ ಮಂಚವಿರುವ ಜಾಗವೂ ಸೇರಿದಂತೆ, ಸದರಿ ರಾಯಲ್ ಪಾಮ್‌ಗೆ ಕಾಯಂ ಆಗಿ ಹಂಚಿಕೆ ಮಾಡಲಾಗಿದೆ.

ಸಹಿ/-
ನಿರ್ದೇಶಕರ ಪರವಾಗಿ
(ನಿರ್ದೇಶಕರು ಶೀತಬಾಧೆಯ ನಿಮಿತ್ತ ರಜೆಯಲ್ಲಿದ್ದಾರೆ)

ಪ್ರತಿಗಳು:
೧. ತಜ್ಞರ ಸಮಿತಿಯ ಸದಸ್ಯರಿಗೆ, ಅಭಿನಂದನೆಗಳೊಂದಿಗೆ.
೨. ವಸತಿ ಮೇಲ್ವಿಚಾರಕರಿಗೆ: ಮೊದಲು ಆರನೇ ಮನೆ, ಆಮೇಲೆ ತಮ್ಮ ಮನೆ ಖಾಲಿ ಮಾಡಿಸಿ ವರದಿ ಸಲ್ಲಿಸಲು.
೩. ವಿದ್ಯುತ್ ಶಾಖೆಗೆ: ಆರನೇ ಮನೆಗೆ ಹೀಟರ್ ಅಳವಡಿಸಲು. ಈ ಬಗ್ಗೆ ಹಿಂದಿನ ನಿವಾಸಿಗಳು ಸಲ್ಲಿಸಿದ್ದ ಕೋರಿಕೆಯನ್ನು ತಿರಸ್ಕರಿಸಿದ ಆದೇಶವು ಮನುಷ್ಯರಿಗೆ ಮಾತ್ರ ಅನ್ವಯಿಸುತ್ತದೆ.
೪. ಆರನೇ ಮನೆಯ ನಿವಾಸಿಗೆ, ಖುದ್ದಾಗಿ ತಲುಪಿಸಲು. ತಲುಪಿಸುವವರು ಬಾಗಿಲನ್ನು ಬಹಳ ಹೊತ್ತು ತೆರೆದಿಡತಕ್ಕದ್ದಲ್ಲ. ಒಳಗಿರುವ ಬೆಚ್ಚನೆಯ ಗಾಳಿ ಈಗ ಇಲಾಖೆಯ ಸ್ವತ್ತಾಗಿರುತ್ತದೆ.