ಗುಡ್ಡಕ್ಕೆ ಹಾಕಿದ ಷರತ್ತುಗಳು

ಕಲ್ಲುಕ್ವಾರಿ ತಪಾಸಣೆಗೆ ಹೋಗಿ ನಾನು ನಗದೆ ಮನೆಗೆ ಮರಳಿದ ದಿನಗಳು ಕಡಿಮೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಏಳೆಂಟು ವರ್ಷ ನನ್ನ ಕೆಲಸ ಕಾರವಾರ, ಅಂಕೋಲಾ ಕಡೆಯೇ ಇತ್ತು. ನೌಕಾನೆಲೆಯ ಕೆಲಸ ನಡೆಯುತ್ತಿದ್ದ ಕಾಲ, ಜಲ್ಲಿಗೆ ಎಲ್ಲಿಲ್ಲದ ಬೇಡಿಕೆ. ಕ್ವಾರಿಗೆ ಪರವಾನಗಿ ಕೊಡುವಾಗ ಒಂದಷ್ಟು ಷರತ್ತು ಹಾಕುತ್ತಾರೆ. ಬೇಲಿ ಕಟ್ಟಬೇಕು, ಧೂಳೇಳದ ಹಾಗೆ ನೀರು ಹೊಡೆಯಬೇಕು, ಬಂಡೆ ಸಿಡಿಸುವ ಮುಂಚೆ ಸೈರನ್ ಊದಬೇಕು, ಕೆಲಸ ಮುಗಿದ ಮೇಲೆ ಜಾಗ ಸರಿಮಾಡಿ ಗಿಡ ನೆಡಬೇಕು. ಇದೆಲ್ಲ ಆಗಿದೆಯೋ ಇಲ್ಲವೋ ಎಂದು ನೋಡಿ ಬರೆಯುವವಳು ನಾನು. ಜೊತೆಗೆ ಒಂದು ಹಳೆಯ ಜೀಪು, ಅದರಷ್ಟೇ ಸಾವಕಾಶದ ಒಬ್ಬ ಡ್ರೈವರ್.

ಷರತ್ತು ಮುರಿದವರನ್ನು ಹಿಡಿಯುವುದು ಸುಲಭ. ನಾನು ಬಾಯಿ ಮುಚ್ಚಿಕೊಂಡು ನಿಂತದ್ದೆಲ್ಲ ಪಾಲಿಸಿದವರ ಮುಂದೆಯೇ.

ಹೆಲ್ಮೆಟ್

ಹಣಕೋಣದ ಹತ್ತಿರದ ಒಂದು ಕ್ವಾರಿಗೆ ಮೊದಲ ಸಲ ಹೋದಾಗ ಅಲ್ಲಿ ಬೇಲಿಯೂ ಇರಲಿಲ್ಲ, ಗೇಟೂ ಇರಲಿಲ್ಲ. ಹೊಂಡದ ಅಂಚಿಗೆ ದನ ಮೇಯುತ್ತಿದ್ದವು. ನಾನು ಕಟುವಾಗಿಯೇ ಬರೆದೆ. ಬೇಲಿ ಆಗಬೇಕು, ಕಾವಲಿಗೆ ಜನ ಇರಬೇಕು, ಹೆಲ್ಮೆಟ್ ಇಲ್ಲದವರು ಯಾರೂ ಒಳಗೆ ನಿಲ್ಲಬಾರದು.

ಒಂದು ತಿಂಗಳು ಬಿಟ್ಟು ಹೋದರೆ ಹೊಸ ಗೇಟು, ಹೊಸ ಬೋರ್ಡು. ಗೇಟಿನ ಒಳಗೆ ಕುರ್ಚಿಯ ಮೇಲೆ ಅರವತ್ತು ದಾಟಿದ ಒಬ್ಬ ಕಾವಲುಗಾರ. ತಲೆಗೆ ಹಳದಿ ಹೆಲ್ಮೆಟ್, ಪಟ್ಟಿಯನ್ನು ಗಲ್ಲದ ಕೆಳಗೆ ಬಿಗಿದಿದ್ದರು.

"ತಪಾಸಣೆಗೆ ಬಂದದ್ದು, ಗೇಟು ತೆಗೀರಿ" ಎಂದೆ.

"ಹೆಲ್ಮೆಟ್ ಎಲ್ಲದೆ?"

ನನ್ನದು ಕಚೇರಿಯ ಮೇಜಿನ ಮೇಲೆ ಉಳಿದಿತ್ತು. ಹಾಗೆಂದು ಹೇಳಿದೆ.

"ಹೆಲ್ಮೆಟ್ ಇಲ್ದೆ ಬಿಡೂದಿಲ್ರಾ. ಆರ್ಡರ್ ಅದೆ."

"ಆ ಆರ್ಡರ್ ಬರೆದವಳೇ ನಾನು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಂಗಾದ್ರೆ ನಿಮಗೆ ಗೊತ್ತೇ ಅದೆಯಲ್ಲ."

ಡ್ರೈವರ್ ಆ ಕಡೆ ತಿರುಗಿ ಜೀಪಿನ ಟಯರ್ ನೋಡತೊಡಗಿದ. ಬಿಸಿಲಲ್ಲಿ ಹತ್ತು ನಿಮಿಷ ನಿಂತ ಮೇಲೆ ನನಗೊಂದು ಉಪಾಯ ಹೊಳೆಯಿತು. "ನಿಮ್ಮದನ್ನೇ ಕೊಡಿ, ಅರ್ಧ ಗಂಟೆಯಲ್ಲಿ ವಾಪಸ್ ಕೊಡ್ತೇನೆ" ಎಂದೆ. ಅವರು ಗೇಟು ತೆಗೆದು, ಪಟ್ಟಿ ಬಿಚ್ಚಿ ಹೆಲ್ಮೆಟ್ ಕೊಟ್ಟರು. ನಾನು ಹಾಕಿಕೊಂಡು ಹತ್ತು ಹೆಜ್ಜೆ ಹೋಗಿರಬೇಕು, ಹಿಂದೆ ಸದ್ದಾಯಿತು. ತಿರುಗಿದರೆ ಅವರು ಕುರ್ಚಿ ಎತ್ತಿಕೊಂಡು ಗೇಟು ದಾಟಿ ರಸ್ತೆಯ ಕಡೆ ಹೊರಟಿದ್ದಾರೆ.

"ಎಲ್ಲಿಗೆ ಹೊರಟ್ರಿ?"

"ಹೆಲ್ಮೆಟ್ ಇಲ್ಲದವ್ರು ಒಳಗೆ ನಿಲ್ಲೂಕೆ ಇಲ್ಲ ಅಲ್ರಾ. ನಿಮ್ಮ ಕೆಲಸ ಆದ ಮೇಲೆ ಕರೀರಿ."

ತೆರೆದ ಗೇಟಿನಿಂದ ಎರಡು ಎಮ್ಮೆ ನಿಧಾನವಾಗಿ ಒಳಗೆ ಬಂದವು. ಅವಕ್ಕೂ ಹೆಲ್ಮೆಟ್ ಇರಲಿಲ್ಲ.

ದಿನಕ್ಕೆ ಎರಡು ಸಲ

ಜುಲೈ ತಿಂಗಳು. ಅಮದಳ್ಳಿ ದಾಟಿ ಒಂದು ಕ್ರಷರಿನ ಕಚ್ಚಾ ರಸ್ತೆ ಹಿಡಿದಿದ್ದೆವು. ಮಳೆ ಹೇಗಿತ್ತೆಂದರೆ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ದಾರಿ ನೋಡುತ್ತಿದ್ದ. ಇದ್ದಕ್ಕಿದ್ದಂತೆ ಬ್ರೇಕ್ ಹಾಕಿ, "ಮೇಡಂ, ಮುಂದೆ ನೋಡಿ" ಎಂದ.

ಮುಂದೆ ಒಂದು ಟ್ಯಾಂಕರ್ ಹೋಗುತ್ತಿತ್ತು. ಹಿಂದಿನ ಕೊಳವೆಯಿಂದ ರಸ್ತೆಗೆ ನೀರು ಹೊಡೆಯುತ್ತಿತ್ತು. ಸುರಿಯುವ ಮಳೆಯಲ್ಲಿ.

ನಿಲ್ಲಿಸಿ ಕೇಳಿದೆ. ಟ್ಯಾಂಕರಿನವನು ರೇನ್‌ಕೋಟು ಹಾಕಿಕೊಂಡೇ ಕೆಳಗಿಳಿದು ಬಂದ. "ದಿನಕ್ಕೆ ಎರಡು ಸಲ ಹೊಡೀಬೇಕು ಅಂತ ಬರೆದು ಕೊಟ್ಟಿದ್ರಿ. ಮಳೆಗಾಲ ಬಿಟ್ಟು ಅಂತ ಬರೀಲಿಲ್ಲ."

"ನೋಡಿದವರು ನಗೂದಿಲ್ವಾ ನಿಮಗೆ?"

"ನಗ್ತಾರೆ. ಆದ್ರೆ ನಗೂವವ್ರು ರಿಪೋರ್ಟ್ ಬರೆಯೂದಿಲ್ಲ ಅಲ್ಲ ಮೇಡಂ."

ಜೀಪಿನಲ್ಲೇ ಕುಳಿತು ಹಾಳೆ ತೆಗೆದು 'ಮಳೆ ಇಲ್ಲದ ದಿನಗಳಲ್ಲಿ' ಎಂದು ಸೇರಿಸಿ, ಸಹಿ ಮಾಡಿ ಕೊಟ್ಟೆ. ಅವನು ಎರಡು ಸಲ ಓದಿದ. ಓದಿ, "ಮಧ್ಯಾಹ್ನದ ಮೇಲೆ ಮಳೆ ನಿಂತ್ರೆ ಅರ್ಧ ಟ್ಯಾಂಕರ್ ಹೊಡೀಲಾ?" ಎಂದು ಕೇಳಿದ.

ಅನ್ನ ಮುದ್ದೆಯಾದ ವಾರ

ಅಂಕೋಲಾ ಕಡೆಯ ಒಂದು ಊರಿನ ಅಜ್ಜಿ ಬಸ್ ಹಿಡಿದು ನಮ್ಮ ಕಚೇರಿಗೆ ಬಂದಿದ್ದರು. ಊರ ಪಕ್ಕದ ಕ್ವಾರಿಯಲ್ಲಿ ಹೊತ್ತುಗೊತ್ತಿಲ್ಲದೆ ಬಂಡೆ ಸಿಡಿಸುತ್ತಾರೆ, ಪಾತ್ರೆ ಕಪಾಟಿನಿಂದ ಬೀಳುತ್ತವೆ, ಮನೆಯ ಗೋಡೆ ಬಿರುಕು ಬಿಡುವುದೊಂದು ಬಾಕಿ. ದೂರು ನ್ಯಾಯವಾದದ್ದೇ. ಹೋಗಿ ನೋಡಿ ಸಮಯ ಗೊತ್ತುಮಾಡಿದೆ. ಮಧ್ಯಾಹ್ನ ಹನ್ನೆರಡೂವರೆಗೆ ಮಾತ್ರ ಸಿಡಿಸಬೇಕು, ಅದಕ್ಕೆ ಹತ್ತು ನಿಮಿಷ ಮುಂಚೆ ಮೂರು ಸಲ ಸೈರನ್ ಊದಬೇಕು.

ಒಂದು ವರ್ಷ ಕಳೆದು ಅಜ್ಜಿ ಮತ್ತೆ ಬಂದರು. ಮುಖ ಊದಿಕೊಂಡಿತ್ತು.

"ಮತ್ತೆ ಬೇಕಾದ ಹೊತ್ತಿಗೆ ಸಿಡಿಸ್ತಾರಾ ಅಮ್ಮಾ?"

"ಇಲ್ಲ ತಂಗೀ. ನಾಲ್ಕು ದಿನದಿಂದ ಸಿಡಿಸ್ತಾನೇ ಇಲ್ಲ."

ಯಂತ್ರ ಕೆಟ್ಟು ಕ್ವಾರಿ ನಿಂತಿತ್ತು. ಅದು ನನಗೆ ಗೊತ್ತಿತ್ತು. "ಒಳ್ಳೇದೇ ಆಯ್ತಲ್ಲ" ಎಂದೆ.

"ಎಂತ ಒಳ್ಳೇದು? ಸೈರನ್ ಕೂಗಿದ್ರೆ ನಾನು ಅನ್ನ ಬಸಿಯೂದು. ಮದ್ದು ಸಿಡಿದ್ರೆ ಮೀನು ಸಾರು ಇಳಿಸೂದು. ಈಗ ನಾಲ್ಕು ದಿನದಿಂದ ಅನ್ನ ಮುದ್ದೆ. ನಮ್ಮ ಮನೇದು ಮಾತ್ರ ಅಲ್ಲ, ಕೇರಿಯದ್ದೇ ಮುದ್ದೆ."

ನಾನು ಅಲ್ಲಿಂದಲೇ ಕ್ವಾರಿಯ ಮಾಲೀಕರಿಗೆ ಫೋನು ಮಾಡಿದೆ. ಅವರು ದೊಡ್ಡ ಮನಸ್ಸು ಮಾಡಿ ಒಪ್ಪಿದರು. ಸಿಡಿಸುವುದಿದ್ದರೆ ಮೂರು ಕೂಗು, ಇಲ್ಲದಿದ್ದರೆ ಕೇರಿಯ ಅನ್ನಕ್ಕಾಗಿ ಒಂದೇ ಕೂಗು. ಅಜ್ಜಿ ಖುಷಿಯಿಂದ ಹೋದರು. ಮುಂದಿನ ಏಕಾದಶಿ ಕಳೆದ ಎರಡು ದಿನಕ್ಕೆ ಒಂದು ಕಾರ್ಡು ಬಂತು. ಉಪವಾಸದ ದಿನ ಸೈರನ್ ಊದಬಾರದಂತೆ, ಹಸಿವಾಗುತ್ತದಂತೆ.

ಮೇಲ್ಮಣ್ಣು

ಕ್ವಾರಿ ಶುರು ಮಾಡುವಾಗ ಮೇಲಿನ ಒಳ್ಳೆಯ ಮಣ್ಣನ್ನು ಕೆರೆದು ಬದಿಗೆ ರಾಶಿ ಹಾಕಿಡಬೇಕು, ಕೊನೆಗೆ ಅದನ್ನೇ ಹೊಂಡದ ಮೇಲೆ ಹರಡಬೇಕು. ಚಿತ್ತಾಕುಲದ ಒಂದು ಚಿರೆಕಲ್ಲಿನ ಹೊಂಡದಲ್ಲಿ ಕೆಲಸ ಮುಗಿದಿತ್ತು. ಹದಿನೈದು ದಿನದಲ್ಲಿ ಮಣ್ಣು ಹರಡಿ ಎಂದು ಬರೆದಿದ್ದೆ. ಹೋಗಿ ನೋಡಿದರೆ ರಾಶಿ ಹಾಗೇ ಇದೆ, ಅದರ ತುಂಬ ಹಸಿರು ಗೆಣಸಿನ ಬಳ್ಳಿ. ಅಲ್ಲಿ ಕಲ್ಲು ಹೊರುತ್ತಿದ್ದ ಹೆಂಗಸೊಬ್ಬಳು ಕಳೆ ಕೀಳುತ್ತಿದ್ದಳು.

"ಈ ಮಣ್ಣು ತೆಗೀಬೇಕಲ್ಲ ಅಕ್ಕಾ."

"ತೆಗೀರಿ, ಬೇಡ ಅಂದವ್ರು ಯಾರು? ಗೆಣಸು ಬಲೀಲಿ."

"ಎಷ್ಟು ದಿನ ಬೇಕು?"

"ಅದು ನಿಮ್ಮ ಆರ್ಡರ್ ಓದಿ ಬೆಳೆಯೂದಲ್ಲ ತಂಗೀ."

ಬಳ್ಳಿಯ ಬುಡ ನೋಡಿದರೆ ಅಗೆಸಲು ನನಗೇ ಮನಸ್ಸಾಗಲಿಲ್ಲ. ಕಡತದಲ್ಲಿ 'ಗೆಣಸು ಕಿತ್ತ ನಂತರ ಮೇಲ್ಮಣ್ಣು ಹರಡತಕ್ಕದ್ದು' ಎಂದು ಬರೆದೆ. ನಮ್ಮ ಮೇಲಧಿಕಾರಿ ಕರೆಸಿದರು. "ಗೆಣಸು ಯಾವ ನಿಯಮದಲ್ಲಿ ಬರ್ತದೆ?" ಎಂದು ಕೇಳಿದರು. ಯಾವುದರಲ್ಲೂ ಇಲ್ಲ ಎಂದು ಒಪ್ಪಿಕೊಂಡೆ. ಗೆಣಸು ಕಿತ್ತು ಮಣ್ಣು ಹರಡಿದ ದಿನ ಆ ಹೆಂಗಸು ಬೇಡವೆಂದರೂ ಒಂದು ಚೀಲ ಜೀಪಿಗೆ ಹಾಕಿದಳು. ಮರುದಿನ ಬೇಯಿಸಿ ಕಚೇರಿಗೆಲ್ಲ ಹಂಚಿದೆ. ಮೇಲಧಿಕಾರಿ ಎರಡು ತಿಂದು, ಕೈ ಒರೆಸಿಕೊಂಡು, ಕಡತದಲ್ಲಿ ನನ್ನ ಸಾಲಿನ ಕೆಳಗೆ ಬರೆದರು: 'ಮೇಲ್ಮಣ್ಣಿನ ಗುಣಮಟ್ಟ ತೃಪ್ತಿಕರ.'

ಮೊದಲಿನ ಸ್ಥಿತಿ

ಅಂಕೋಲಾದ ಒಳಗೆ ಒಬ್ಬರು ತಮ್ಮ ಮನೆಯ ಹಿಂದಿನ ಗುಡ್ಡದಲ್ಲೇ ಕ್ವಾರಿ ನಡೆಸಿದ್ದರು. ಗುಡ್ಡದ ಕೆಳಗೆ ನಾಲ್ಕು ಮನೆಯವರ ಗದ್ದೆ. ಅವಧಿ ಮುಗಿದು ಕ್ವಾರಿ ಮುಚ್ಚುವ ವರ್ಷ ನನಗೂ ಆ ನಾಲ್ಕು ಮನೆಗೂ ಒಂದೇ ಹೆದರಿಕೆ. ಮಳೆಗೆ ಮುಂಚೆ ಇಳಿಜಾರು ಸರಿಯಾಗದಿದ್ದರೆ ಅಷ್ಟೂ ಮಣ್ಣು ಗದ್ದೆಗೆ ಇಳಿಯುತ್ತದೆ. ಮಾಲೀಕರು ಹೇಳಿದ ಹಾಗೆ ಕೆಲಸ ಮಾಡಿದರು. ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ, ಕಾಲುವೆ ತೋಡಿಸಿ, ಗೇರು ಸಸಿ ನೆಟ್ಟರು. ಮೊದಲ ದೊಡ್ಡ ಮಳೆಯ ಮರುದಿನ ನಾನು ಓಡಿ ಹೋಗಿ ನೋಡಿದೆ. ಗದ್ದೆಗೆ ಇಳಿಯುತ್ತಿದ್ದದ್ದು ತಿಳಿನೀರು. ಗದ್ದೆಯವರು ಮಾಲೀಕರಿಗೆ ಕೈ ಮುಗಿದರು, ಮಾಲೀಕರು ಗುಡ್ಡಕ್ಕೆ ಕೈ ಮುಗಿದರು.

ಉಳಿದದ್ದು ಒಂದು ಫಾರಂ. ಅದಕ್ಕೆ ಎರಡು ಫೋಟೋ ಅಂಟಿಸಬೇಕಿತ್ತು, ಕೆಲಸಕ್ಕೆ ಮುಂಚಿನದು ಮತ್ತು ಈಗಿನದು. ಈಗಿನದನ್ನು ನಾನೇ ತೆಗೆದೆ. ಮುಂಚಿನದು ಯಾರ ಹತ್ತಿರವೂ ಇರಲಿಲ್ಲ.

"ಗುಡ್ಡದ ಫೋಟೋ ಯಾರು ತೆಗೀತಾರೆ ಮೇಡಂ? ಅದು ಎಲ್ಲಿಗೂ ಹೋಗೂದಿಲ್ಲ ಅಂತ ಎಣಿಸಿದ್ವಿ" ಎಂದರು ಮಾಲೀಕರು.

ಮೂರು ದಿನ ಬಿಟ್ಟು ಫೋನು ಬಂತು, ಸಿಕ್ಕಿದೆ ಎಂದು. ಮನೆಗೆ ಹೋದೆವು. ಅವರ ಹೆಂಡತಿ ಮುರುಗಲ ಶರಬತ್ತು ಕೊಟ್ಟರು. ಮಾಲೀಕರು ಒಂದು ಹಳೆಯ ಕಪ್ಪು ಬಿಳುಪಿನ ಫೋಟೋ ಮುಂದಿಟ್ಟರು. ಅವರ ಮದುವೆಯದು. ಮದುಮಕ್ಕಳನ್ನು ಮನೆಯ ಹಿಂದೆ ನಿಲ್ಲಿಸಿ ತೆಗೆದದ್ದು. ಮದುಮಗ ಬಡಕಲು, ತಲೆಯ ಮೇಲೆ ಗುಂಗುರು ಕೂದಲಿನ ಹೊರೆ. ಇಬ್ಬರ ನಡುವೆ ಒಂದು ಗೇಣು ಜಾಗದಲ್ಲಿ ಗುಡ್ಡ.

"ಕಾಣ್ತದೆ ಅಲ್ಲಾ?" ಎಂದರು ಆತಂಕದಿಂದ.

ಡ್ರೈವರ್ ಬಗ್ಗಿ ನೋಡಿ, "ಗುಡ್ಡಕ್ಕಿಂತ ಕೂದಲೇ ಎತ್ತರ ಅದೆ" ಎಂದ.

ಬೇರೆ ದಾರಿಯಿರಲಿಲ್ಲ, ಅದನ್ನೇ ಅಂಟಿಸುವುದೆಂದಾಯಿತು. ಕೊನೆಯ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದೆ: "ಮೊದಲಿನ ಸ್ಥಿತಿಗೆ ಸಾಧ್ಯವಾದಷ್ಟು ಹತ್ತಿರ ತರಲಾಗಿದೆಯೇ?"

ಅವರ ಹೆಂಡತಿ ಫೋಟೋ ಕೈಗೆ ತೆಗೆದುಕೊಂಡರು. ಅದನ್ನು ನೋಡಿದರು. ಎದುರಿಗೆ ಬನಿಯನ್ನಿನಲ್ಲಿ ಕುಳಿತ ಗಂಡನ ಹೊಟ್ಟೆ ನೋಡಿದರು, ತಲೆ ನೋಡಿದರು.

"ಗುಡ್ಡ ಅಡ್ಡಿಲ್ಲ ಮೇಡಂ, ಹೌದು ಅಂತ ಬರೀರಿ" ಎಂದರು. "ಇವ್ರಿಗೆ ಹಾಕೂಕೆ ಅಂಥ ಷರತ್ತು ಎಂತಾದ್ರೂ ಅದೆಯಾ?"

ಮಾಲೀಕರು ಬೋಳುತಲೆಯ ಮೇಲೆ ಕೈಯಾಡಿಸಿಕೊಂಡು ಬಹಳ ಗಂಭೀರವಾಗಿ ನನ್ನ ಕಡೆ ತಿರುಗಿದರು.

"ಬರ್ಕೊಳ್ಳಿ ಮೇಡಂ. ಈ ಜಾಗದಲ್ಲಿ ಎಂತ ನೆಟ್ರೂ ಹಿಡಿಯೂದಿಲ್ಲ."