ಸುಳ್ಳು ಬೆಲ್

ಚಿಕ್ಕಪ್ಪನ ಅಂಗಿಯ ಜೇಬು ಒಂದು ಮೂಲೆಯಲ್ಲಿ ಅರ್ಧ ಅಂಗುಲ ಜೋತುಬಿದ್ದಿರುತ್ತದೆ. ಹೊಸ ಅಂಗಿಯಾದರೂ ಅಷ್ಟೇ. ಕಾರಣ, ಅಲ್ಲಿ ಸಿಕ್ಕಿಸಿಕೊಂಡ ಕರೆಂಟ್ ಟೆಸ್ಟರ್. ನಮ್ಮ ಮನೆತನದಲ್ಲಿ ದೇವರನ್ನು ನಂಬದವರು ಯಾರೂ ಇಲ್ಲ; ಆದರೆ ದೇವರ ಫೋಟೋಗೆ ಹಾಕಿದ ಸೀರಿಯಲ್ ಸೆಟ್ಟನ್ನು ನಂಬದವರು ಇವರೊಬ್ಬರೇ.

ಕಡೂರಿನ ಮದುವೆಯೊಂದರಲ್ಲಿ ಅಕ್ಷತೆ ಹಾಕುವ ಮೊದಲು ಮಂಟಪದ ಕಬ್ಬಿಣದ ಕಂಬಕ್ಕೆ ಟೆಸ್ಟರ್ ಮುಟ್ಟಿಸಿದರು. ಹಿಂದಿದ್ದವರೊಬ್ಬರು, “ಗಂಡಿಗೂ ಒಂದ್ಸಲ ಮುಟ್ಟಿಸ್ಬಿಡಿ” ಎಂದರು.

“ಈಗ ಬ್ಯಾಡ. ಇನ್ನೂ ಕನೆಕ್ಷನ್ ಕೊಟ್ಟಿಲ್ಲ” ಎಂದರು ಚಿಕ್ಕಪ್ಪ, ನಗದೆ.

ಮೊಬೈಲೂ ಇದೆ. ಪ್ಲಾಸ್ಟಿಕ್ ಕವರಿನಲ್ಲಿ, ನಡುಮನೆಯ ಮೊಳೆಗೆ ನೇತಾಡುತ್ತದೆ. ತೋಟಕ್ಕೆ ತೆಗೆದುಕೊಂಡು ಹೋಗಿ ಎಂದರೆ, “ಅದು ಮನೆ ಫೋನು ಕಣಮ್ಮ, ಮನೇಲಿರ್ಬೇಕು” ಎನ್ನುತ್ತಾರೆ. ತಂತಿಯಿಲ್ಲದೆ ಬರುವ ಮಾತು ಎಲ್ಲಿಂದ ಹೊರಟಿತೆಂದು ಹೇಗೆ ಪತ್ತೆ ಮಾಡುವುದು ಎಂಬುದು ಅವರ ಪ್ರಶ್ನೆ. ಎಲೆಕ್ಟ್ರಾನಿಕ್ಸ್ ಓದಿದ ನನ್ನ ಬಳಿಯೂ ಅವರು ಒಪ್ಪುವಂಥ ಉತ್ತರವಿಲ್ಲ.

ಹೋದ ವರ್ಷ ಚಿಕ್ಕಮ್ಮನಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು, ಮಾತು ಎಲ್ಲ ಒಟ್ಟಿಗೆ ಹೋದವು. ಇನ್ನು ಸುಧಾರಿಸುವುದು ಕಡಿಮೆ ಎಂದರು ಡಾಕ್ಟರು. ಶಿವನಿ ಊರಿನ ಅವರ ಮನೆಯಲ್ಲಿ ಆಮೇಲೆ ಫ್ಯಾನಿನ ಸದ್ದೇ ದೊಡ್ಡದಾಯಿತು. ಮನೆಯ ಹಿಂದೆಯೇ ತೆಂಗಿನ ತೋಟ. ತಾವು ತೋಟದಲ್ಲಿರುವಾಗ ಅವರಿಗೇನಾದರೂ ಬೇಕಾದರೆ ಕೂಗುವವರಾರು ಎಂಬುದೊಂದೇ ಚಿಕ್ಕಪ್ಪನ ಚಿಂತೆ.

“ತಂತಿ ಮೇಲೆ ಏನಾದ್ರೂ ಮಾಡ್ಕೊಡು” ಎಂದರು. ಕಾಯಿ ಕಳ್ಳರಿಗೆಂದು ಹಾಕಿಸಿದ ಕ್ಯಾಮೆರಾದ ಕೇಬಲ್ ಮನೆಯಿಂದ ಪಂಪ್‌ಹೌಸಿನವರೆಗೆ ಹೂತಿತ್ತು. ಇನ್ನೊಂದು ತಂತಿಗೆಂದು ನೆಲ ಅಗೆದು ಬೇರು ಕಡಿಯಲು ಅವರು ಒಪ್ಪಲಿಲ್ಲ. ಸರಿ, ಅದೇ ಕೇಬಲ್ಲಿಗೆ ಎರಡು ಪುಟ್ಟ ಬೋರ್ಡ್ ಸೇರಿಸಿದೆ. ಚಿಕ್ಕಮ್ಮನ ಎಡಗೈ ಪಕ್ಕ ಒಂದು ಗುಂಡಿ, ಪಂಪ್‌ಹೌಸಿನಲ್ಲಿ ಒಂದು ಬೆಲ್. ಯಾವ ಸಂದೇಶ ಬಂದರೂ ಬೆಲ್ ಹೊಡೆ ಎಂದು ಆತುರದಲ್ಲಿ ಪ್ರೋಗ್ರಾಂ ಬರೆದು, ತರೀಕೆರೆಗೆ ಮರಳಿದೆ.

ಮರುದಿನದಿಂದಲೇ ಫೋನ್ ಶುರು, ಮೊಳೆಯ ಪಕ್ಕದಿಂದ.

“ಏನಮ್ಮಾ, ನಿನ್ ಬೆಲ್ಲಿಗೆ ಕೆಲ್ಸಿಲ್ವ? ಕೆಸರುಗಾಲಲ್ಲಿ ಓಡ್ಬಂದ್ರೆ ಇವಳು ಒತ್ತೇ ಇಲ್ಲ ಅಂತ ತಲೆ ಆಡಿಸ್ತಾಳೆ.”

ದಿನಕ್ಕೆ ಹಲವು ಬಾರಿ ಹೀಗೆ. ನಾನು ಪರೀಕ್ಷೆಯಲ್ಲಿ ಫೇಲಾದವಳಂತೆ ಲ್ಯಾಪ್‌ಟಾಪ್ ಹೊತ್ತು ಶಿವನಿಗೆ ಹೋದೆ.

ತಪ್ಪು ಸಿಕ್ಕಿತು. ಬೋರ್ಡಿನ ಮಿದುಳಾದ ಮೈಕ್ರೋಕಂಟ್ರೋಲರಿನೊಳಗೆ ಎತರ್ನೆಟ್ ಕಂಟ್ರೋಲರ್ ಎಂಬ ಭಾಗವಿದೆ. ಕೇಬಲ್ಲಿನಲ್ಲಿ ಬರುವ ಸಂದೇಶಗಳಿಗೆ ಅದೇ ಬಾಗಿಲು. ಯಾವುದನ್ನು ಒಳಗೆ ಬಿಡಬೇಕೆಂದು ಬಿಟ್‌ಗಳನ್ನು, ಅಂದರೆ ಸೊನ್ನೆ-ಒಂದುಗಳನ್ನು, ಹೊಂದಿಸಿ ಅದಕ್ಕೆ ಹೇಳಬೇಕು. ತನ್ನ ವಿಳಾಸಕ್ಕೆ ಬಂದದ್ದು ಮಾತ್ರ ಸಾಕೇ? ಊರಿಗೆಲ್ಲ ಸಾರಿದ್ದೂ ಬೇಕೇ? ಅಥವಾ ಯಾರದೋ ಮಾತು ಯಾರಿಗೋ ಹೊರಟಿದ್ದರೂ ಕೇಳಿಸಿಕೊಳ್ಳಬೇಕೇ? (ಈ ಮೂರನೆಯ ಬಗೆಯವರು ಅಜ್ಜಂಪುರದ ಪ್ರತಿ ಬಸ್ಸಿನಲ್ಲೂ ಸಿಗುತ್ತಾರೆ.) ಮನೆಯಲ್ಲಿದ್ದ ಕ್ಯಾಮೆರಾದ ರೆಕಾರ್ಡರ್ ಆಗಾಗ “ಕ್ಯಾಮೆರಾ, ಎಲ್ಲಿದ್ದೀಯ?” ಎಂದು ಎಲ್ಲರ ವಿಳಾಸಕ್ಕೂ ಕೂಗುತ್ತಿತ್ತು. ಬೆಲ್ ಅದಕ್ಕೂ ಓಗೊಡುತ್ತಿತ್ತು. ಎಲ್ಲರಿಗೂ ಬರುವ ಸಂದೇಶವನ್ನು ಒಳಗೆ ಬಿಡಬೇಡ ಎಂದು ಒಂದು ಬಿಟ್ ಬದಲಾಯಿಸಿದೆ. ಗುಂಡಿ ಒತ್ತಿ ನೋಡಿದೆ. ಅದಕ್ಕೆ ಮಾತ್ರ ಬೆಲ್ ಹೊಡೆಯಿತು. ನನ್ನ ಕೆಲಸ ನನಗೇ ಮೆಚ್ಚುಗೆಯಾಯಿತು.

ಮೂರು ವಾರ ಫೋನ್ ಬರಲಿಲ್ಲ. ಅವರನ್ನು ನೋಡಿ ಬರೋಣವೆಂದು ಒಂದು ಸಂಜೆ ಹೋದೆ. ಚಿಕ್ಕಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಚಿಕ್ಕಪ್ಪ ಹಿತ್ತಿಲ ಕಟ್ಟೆಯ ಮೇಲೆ ಕೂತಿದ್ದರು.

“ಬೆಲ್ ಸರಿಯಿದೆಯಾ ಚಿಕ್ಕಪ್ಪ?”

“ಸರಿಯಾಗ್ಬಿಟ್ಟಿದೆ” ಎಂದರು, ಯಾರೋ ತೀರಿಕೊಂಡ ಸುದ್ದಿ ಹೇಳುವಂತೆ. “ಹೊಡೆಯೋದೇ ಇಲ್ಲ.”

“ಚಿಕ್ಕಮ್ಮ ಒತ್ತಿದರೆ ಹೊಡೆಯುತ್ತೆ.”

“ಅವಳು ಒತ್ತಲ್ಲ ಕಣಮ್ಮ. ಬಾಯಿದ್ದಾಗ್ಲೇ ಒಂದಿನ ನನ್ನ ತ್ವಾಟದಿಂದ ಕೂಗ್ದೋಳಲ್ಲ. ಬಾಯಾರಿದ್ರೂ ಸುಮ್ನೆ ಬಿದ್ಕಂಡಿರ್ತಾಳೆ.”

“ಹಾಗಾದರೆ ನೀವೇ ಆಗಾಗ ಬಂದು ನೋಡಿ.”

“ಬಂದೆ. ಕೆಲ್ಸ ಬಿಟ್ಟು ತನ್ನಿಂದ ಬರೋಹಂಗಾಯ್ತು ಅಂತ ಅಳ್ತಾಳೆ.” ಸ್ವಲ್ಪ ಹೊತ್ತು ಅಂಗೈಯ ಮಣ್ಣು ಉಜ್ಜಿಕೊಂಡರು. “ಆಗ ಬೆಲ್ ಹೊಡ್ಕತಿತ್ತಲ್ಲ, ನಾನು ಏದುಸಿರು ಬಿಟ್ಕಂಡು ಬಂದು ನಿನ್ನ ಬೈತಿದ್ನಲ್ಲ, ಅದಕ್ಕೆ ನಗೋಳು. ಅರ್ಧ ಬಾಯಲ್ಲೇ. ಬಂದಿದ್ದೀನಲ್ಲ ಅಂತ ನೀರು ಕುಡಿಸ್ತಿದ್ದೆ, ಮಗ್ಗುಲು ತಿರುಗಿಸ್ತಿದ್ದೆ. ಬೇಡ ಅಂತಿರ್ಲಿಲ್ಲ.”

ಅವರು ಪಂಪ್‌ಹೌಸಿನ ಕಡೆ ತಿರುಗಿದರು.

“ಆ ತಪ್ಪನ್ನ ವಾಪಸ್ ಹಾಕಕ್ಕಾಗುತ್ತಾ?”

“ಯಾವುದು ನಿಜದ್ದು ಅಂತ ಗೊತ್ತಾಗಲ್ಲ ಚಿಕ್ಕಪ್ಪ.”

“ಎಲ್ಲದಕ್ಕೂ ಓಡ್ತೀನಲ್ಲ. ನಿಜದ್ದು ಹೆಂಗೆ ತಪ್ಪುತ್ತೆ?”

ಮರುದಿನ ಬೆಳಗ್ಗೆ ಪಂಪ್‌ಹೌಸಿನಲ್ಲಿ ಕೂತು ಆ ಒಂದು ಬಿಟ್ಟನ್ನು ಮೊದಲಿನಂತೆ ಮಾಡಿದೆ. ತಕ್ಷಣ ಏನೂ ಆಗಲಿಲ್ಲ. ಚಿಕ್ಕಪ್ಪ ನೀರು ಕಟ್ಟುತ್ತಾ ನನ್ನತ್ತ ನೋಡದೆಯೇ ಕಾಯುತ್ತಿದ್ದರು. ಬೆಲ್ ಹೊಡೆಯಿತು. ಸನಿಕೆ ಅಲ್ಲೇ ಬಿಟ್ಟು, ನನ್ನನ್ನು ಬೈಯುತ್ತಾ ಮನೆಯ ಕಡೆ ಓಡಿದರು. ನಾನು ಅವರ ಹಿಂದೆ ಹೋಗಲಿಲ್ಲ. ಮೋಟಾರ್ ಆಫ್ ಮಾಡಿ ಅಲ್ಲೇ ನಿಂತೆ.